ಚಲುವಯ್ಯನವರ ಇಪ್ಪತ್ತೈದನೆಯ ಗಾಜು

ಸೋಮವಾರ ಬೆಳಗಿನ ಐದೂವರೆ. ಹಲಸೂರು ಕೆರೆಯ ಹಿಂದಿನ ಓಣಿಯಲ್ಲಿ ನಲ್ಲಿಯ ಮುಂದೆ ಬಿಂದಿಗೆಗಳು ಸಾಲಾಗಿ ಕೂತಿವೆ, ನೀರಿನ ಸುಳಿವು ಮಾತ್ರ ಇನ್ನೂ ಇಲ್ಲ. ನಾಲ್ಕನೆಯ ಮನೆಯ ಜಗಲಿಯ ಮೇಲೆ ಚಲುವಯ್ಯನವರು ಚಾಪೆ ಹಾಸಿ, ಅದರ ಮೇಲೆ ಬಿಳಿ ಪಂಚೆ ಹರಡಿಕೊಂಡು, ಅಂಗೈಯಗಲದ ಗಾಜುಗಳನ್ನು ಒಂದೊಂದಾಗಿ ಒರೆಸುತ್ತಿದ್ದಾರೆ. ಮೊದಲು ಬಾಯಿಂದ ಒಂದು ಬಿಸಿ ಉಸಿರು, ಆಮೇಲೆ ಮೆತ್ತನೆಯ ಹಳೇ ಬಟ್ಟೆ, ಕೊನೆಗೆ ಬೆಳಗಾಗುತ್ತಿರುವ ಆಕಾಶಕ್ಕೆ ಹಿಡಿದು ಒಂದು ನೋಟ. ಗಾಜಿನ ಮೇಲೆ ಬೆರಳಿನ ಗುರುತು ಉಳಿದರೆ ಗೋಡೆಯ ಮೇಲೆ ಅದು ಕುಂಬಳಕಾಯಿಯ ಗಾತ್ರಕ್ಕೆ ಬೆಳೆಯುತ್ತದೆ.

“ಕೊಲಂಬಸ್ಸಿನ ಮೂಗಿನ ಮೇಲೆ ನನ್ನ ಹೆಬ್ಬೆಟ್ಟು ಕೂತ್ಕೊಂಡ್ರೆ ಮಕ್ಳು ಪಾಠ ಕೇಳ್ತಾರಾ? ಬಿದ್ದು ಬಿದ್ದು ನಗ್ತಾರೆ,” ಎನ್ನುತ್ತಾರೆ ಚಲುವಯ್ಯ. ನಗು ಅವರಿಗೂ ಬರುತ್ತದೆ, ಆದರೆ ಗಾಜು ಕೈಯಲ್ಲಿರುವಾಗ ನಗುವುದಿಲ್ಲ.

ಬೆಂಗಳೂರು ದಂಡಿನ, ಅಂದರೆ ಕಂಟೋನ್ಮೆಂಟಿನ, ಶಾಲೆಗಳಿಗೆ ಮ್ಯಾಜಿಕ್ ಲ್ಯಾಂಟರ್ನ್ ಹೊತ್ತು ತಿರುಗುವುದು ಅವರ ಕಸುಬು. ತಗಡಿನ ಗೂಡೊಂದರಲ್ಲಿ ನೀರು ಬಿಟ್ಟರೆ ಅನಿಲ ಹುಟ್ಟಿ ಉರಿಯುವ ಕಾರ್ಬೈಡ್ ದೀಪ, ದೀಪದ ಮುಂದೆ ಗಾಜಿನ ಮೇಲೆ ಬರೆದ ಚಿತ್ರ, ಅದರ ಮುಂದೆ ಮಸೂರ. ಬಯಾಸ್ಕೋಪಿನಲ್ಲಿ ಚಿತ್ರ ಓಡುತ್ತದೆ, ಇಲ್ಲಿ ನಿಲ್ಲುತ್ತದೆ. ಅಷ್ಟೇ ವ್ಯತ್ಯಾಸ. ನಿಂತ ಚಿತ್ರದ ಮುಂದೆ ಮಾತಾಡುವವರು ಒಬ್ಬರು ಬೇಕಲ್ಲ, ಅದೂ ಚಲುವಯ್ಯನವರೇ. ಶಾಲೆಗಳಿಗೆ ಚಿತ್ರಪಾಠ ಒದಗಿಸುವ ಸಮಿತಿಯ ಕಾಗದಪತ್ರಗಳಲ್ಲಿ ಅವರ ಹುದ್ದೆಗೆ ‘ಲ್ಯಾಂಟರ್ನ್ ಜವಾನ’ ಎಂದು ಹೆಸರು. ಮಕ್ಕಳಿಗೆ ಆ ಕಾಗದ ಓದಲು ಸಿಕ್ಕಿಲ್ಲ, ಹಾಗಾಗಿ ಅವರೆಲ್ಲ ‘ಲಾಟೀನ್ ಮೇಷ್ಟ್ರು’ ಎಂದೇ ಕರೆಯುತ್ತಾರೆ.

ಹನ್ನೊಂದು ಶಾಲೆ, ದಿನಕ್ಕೆ ಎರಡು ಆಟ. ಸೋಮವಾರ ಹಲಸೂರು ಮತ್ತು ಕಮ್ಮನಹಳ್ಳಿ, ಮಂಗಳವಾರ ಶಿವಾಜಿನಗರ, ಬುಧವಾರ ಬೆನ್ಸನ್ ಟೌನು, ಗುರುವಾರ ಕೆ.ಆರ್. ಪುರದವರೆಗೆ ಸೈಕಲ್ಲು. ಹಿಂದಿನ ಕ್ಯಾರಿಯರಿನ ಮೇಲೆ ಲ್ಯಾಂಟರ್ನು, ಗಾಜಿನ ಪೆಟ್ಟಿಗೆ, ಕಿಟಕಿ ಮುಚ್ಚಲು ಆರು ಕರಿ ಕಂಬಳಿ, ಎಲ್ಲ ಸೇರಿ ಮೂರು ಮಣಕ್ಕೆ ಕಡಿಮೆಯಿಲ್ಲ. ಹದಿನೈದು ವರ್ಷದಲ್ಲಿ ಒಡೆದ ಗಾಜು ಒಂದೂ ಇಲ್ಲ. ಸೈಕಲ್ಲಿನಿಂದ ಬಿದ್ದದ್ದು ನಾಲ್ಕು ಸಲ, ನಾಲ್ಕು ಸಲವೂ ಪೆಟ್ಟು ಬಿದ್ದದ್ದು ಮೊಣಕಾಲಿಗೆ.

ಪೆಟ್ಟಿಗೆಯ ಮೇಲೆ ಚಿನ್ನದ ಅಕ್ಷರದಲ್ಲಿ ‘ಮಹಾ ಅನ್ವೇಷಕರು’ ಎಂದು ಇಂಗ್ಲಿಷಿನಲ್ಲಿ ಬರೆದಿದೆ. ಒಳಗೆ ಇಪ್ಪತ್ನಾಲ್ಕು ಗೂಡು, ಗೂಡಿಗೊಂದು ಗಾಜು, ಗಾಜಿಗೊಂದು ನಂಬರು. ಜೊತೆಗೆ ಒಂದು ಪುಸ್ತಿಕೆ, ಯಾವ ನಂಬರಿಗೆ ಏನು ಹೇಳಬೇಕೆಂದು ಅದರಲ್ಲಿ ಅಚ್ಚಾಗಿದೆ. ಆದರೆ ಈ ಬೆಳಿಗ್ಗೆ ಪಂಚೆಯ ಮೇಲಿರುವ ಗಾಜುಗಳನ್ನು ಎಣಿಸಿದರೆ ಇಪ್ಪತ್ತೈದು. ಕೊನೆಯದಕ್ಕೆ ನಂಬರೂ ಇಲ್ಲ, ಗೂಡೂ ಇಲ್ಲ. ಹೆಂಡತಿ ಮುನಿವೆಂಕಟಮ್ಮನವರ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡು ಅದು ಚಲುವಯ್ಯನವರ ಕೋಟಿನ ಜೇಬಿನಲ್ಲೇ ಊರು ಸುತ್ತುತ್ತದೆ. ಇವತ್ತಿನ ತಲೆಬಿಸಿಯೆಲ್ಲ ಆ ಒಂದು ಗಾಜಿನದು.

ಹಲಸೂರು ಶಾಲೆಗೆ ಇವತ್ತು ಇನ್ಸ್‌ಪೆಕ್ಟರು ಬರುತ್ತಾರೆ. ಆ ಗಾಜನ್ನು ನೋಡಿ, ಅದು ಇರಬೇಕೋ ಹೋಗಬೇಕೋ ಎಂದು ಅಲ್ಲೇ ತೀರ್ಮಾನ ಹೇಳುತ್ತಾರೆ. ಹೋಗಬೇಕು ಎಂದರೆ ಚಲುವಯ್ಯನವರೂ ಪೆಟ್ಟಿಗೆಯನ್ನು ವಾಪಸು ಒಪ್ಪಿಸಿ ಮನೆಗೆ ಬರುವವರು. ಹಾಗಂತ ಅವರನ್ನು ಯಾರೂ ಬೆದರಿಸಿಲ್ಲ, ಸಮಿತಿಗೆ ಅವರೇ ಹೇಳಿ ಕಳಿಸಿದ್ದಾರೆ.

“ಈ ವಯಸ್ಸಲ್ಲಿ ಹಟ ಯಾಕೆ ಅಂತ ಕೇಳ್ದೆ,” ಎನ್ನುತ್ತಾರೆ ಮುನಿವೆಂಕಟಮ್ಮ, ಬಿಂದಿಗೆಯ ಸಾಲಿನಲ್ಲಿ ನಿಂತೇ. “ಹಟ ಅಲ್ಲ, ಲೆಕ್ಕ ಸರಿ ಇರ್ಬೇಕು ಅಂದ್ರು. ಅವರ ಲೆಕ್ಕ ಅವರಿಗೇ ಗೊತ್ತು. ಬಟ್ಟೆ ತುಂಡು ಮಾತ್ರ ನಂದು.”

ಚಲುವಯ್ಯನವರಿಗೆ ಈಗ ಐವತ್ತೆರಡು. ತಂದೆ ದಂಡಿನ ಕುದುರೆ ಲಾಯದಲ್ಲಿ ಕೆಲಸಕ್ಕಿದ್ದವರು. ಮಗ ಅಕ್ಷರ ಕಲಿಯಲೆಂದು ಅವರು ಕೈಮುಗಿದು ಕೇಳಿಕೊಂಡ ಮೇಲೆ ಶಾಲೆಯವರು ಒಪ್ಪಿದ್ದು ನಿಜ, ಒಳಗೆ ಕೂರಿಸಲು ಮಾತ್ರ ಒಪ್ಪಲಿಲ್ಲ. ಮೂರು ವರ್ಷ ಹಜಾರದ ಕಿಟಕಿಯ ಹೊರಗೆ ನಿಂತು ಪಾಠ. ಬೋರ್ಡಿನ ಎಡಭಾಗ ಅಲ್ಲಿಂದ ಕಾಣುತ್ತಿರಲಿಲ್ಲ. ಅರ್ಧ ಬೋರ್ಡಿನಲ್ಲಿ ಕಲಿತ ಲೆಕ್ಕ, ಅರ್ಧ ಬೋರ್ಡಿನಲ್ಲಿ ಕಲಿತ ಚರಿತ್ರೆ. ಇದನ್ನು ಅವರು ಕಣ್ಣೀರು ಹಾಕಿಕೊಂಡು ಹೇಳುವುದಿಲ್ಲ. ಹೇಳುವಾಗ ಕೈಯಿಂದ ಗಾಳಿಯಲ್ಲಿ ಬೋರ್ಡು ಬರೆದು, ಎಡಗಡೆ ಅಳಿಸಿ ತೋರಿಸುತ್ತಾರೆ. ಕೇಳುವವರಿಗೇ ಸಂಕಟವಾಗುತ್ತದೆ.

ಹದಿನಾಲ್ಕಕ್ಕೆ ದಂಡಿನ ಒಂದು ಫೋಟೋ ಸ್ಟುಡಿಯೋದಲ್ಲಿ ಗಾಜು ತೊಳೆಯುವ ಕೆಲಸ ಸಿಕ್ಕಿತು. ಅಲ್ಲೇ ಗಾಜಿನ ಮೇಲೆ ಬಣ್ಣ ಹಾಕುವುದು, ಎರಡು ಗಾಜುಗಳ ನಡುವೆ ಚಿತ್ರ ಕೂರಿಸಿ ಅಂಚಿಗೆ ಕಪ್ಪು ಕಾಗದದ ಪಟ್ಟಿ ಅಂಟಿಸುವುದು ಕೈಗೆ ಹತ್ತಿತು. ಸ್ಟುಡಿಯೋ ಮುಚ್ಚಿದಾಗ ಸಮಿತಿಯವರು ಅಲ್ಲಿದ್ದ ಲ್ಯಾಂಟರ್ನು ಕೊಂಡರು. “ಅದನ್ನ ಹಚ್ಚೋಕೆ ಯಾರಿಗೂ ಬರ್ತಿರ್ಲಿಲ್ಲ. ಸರಿ, ಲ್ಯಾಂಟರ್ನ್ ಜೊತೆ ನಾನೂ ಬಂದ್ಬಿಟ್ಟೆ,” ಎನ್ನುತ್ತಾರೆ. ಅವತ್ತು ಶಾಲೆಯ ಬಾಗಿಲಿನಿಂದ ಒಳಗೆ ಹೋದದ್ದು ಅವರ ಬದುಕಿನಲ್ಲಿ ಮೊದಲನೆಯ ಸಲ, ಅದೂ ಮಕ್ಕಳೆಲ್ಲ ಎದ್ದು ದಾರಿ ಬಿಟ್ಟಮೇಲೆ.

ಹತ್ತು ವರ್ಷ ಅವರು ಪುಸ್ತಿಕೆಯಲ್ಲಿದ್ದದ್ದನ್ನೇ ಹೇಳಿದರು. ಧೀರ ನಾವಿಕ, ದೈವಭಕ್ತ ನಾವಿಕ, ಯಾರೂ ಕಾಣದ ನಾಡನ್ನು ಕಂಡುಹಿಡಿದ ನಾವಿಕ. ಹನ್ನೊಂದನೆಯ ಗಾಜು ವಾಸ್ಕೋ ಡ ಗಾಮನ ಹಡಗಿನದು. ಸುತ್ತ ಬರೀ ಸಮುದ್ರ, ನಡುವೆ ಹಾಯಿ ಬಿಚ್ಚಿ ಬಲಕ್ಕೆ ಹೊರಟ ಹಡಗು. ಅದಕ್ಕೆ ಮುಂಚಿನ ಹತ್ತನೆಯ ಗಾಜಿನಲ್ಲಿ ನಕಾಶೆಯಿದೆ, ಎಡಕ್ಕೆ ಅವನ ದೇಶ, ಬಲಕ್ಕೆ ನಮ್ಮದು. ಹಾಗಾಗಿ ಬಲಕ್ಕೆ ಮುಖ ಮಾಡಿದ ಹಡಗು ನಮ್ಮ ಕಡೆಗೆ ಬರುತ್ತಿದೆ ಎಂದು ಮಕ್ಕಳಿಗೆ ತಾನಾಗಿಯೇ ಗೊತ್ತಾಗುತ್ತದೆ.

ಈಗ ಲ್ಯಾಂಟರ್ನಿನ ಒಂದು ಗುಟ್ಟು ಹೇಳಬೇಕು. ಗಾಜನ್ನು ಅದರೊಳಗೆ ತಲೆಕೆಳಗಾಗಿ ತುರುಕಬೇಕು, ಆಗಲೇ ಗೋಡೆಯ ಮೇಲೆ ಚಿತ್ರ ನೆಟ್ಟಗೆ ನಿಲ್ಲುವುದು. ಹಿಂದುಮುಂದಾಗದಿರಲಿ ಎಂದು ಮೂಲೆಯಲ್ಲಿ ಒಂದು ಬಿಳಿ ಚುಕ್ಕೆ ಅಂಟಿಸಿರುತ್ತಾರೆ. ಚುಕ್ಕೆಯ ಮೇಲೆ ಹೆಬ್ಬೆರಳಿಟ್ಟು ಹಿಡಿದರೆ ಕತ್ತಲಲ್ಲೂ ತಪ್ಪುವುದಿಲ್ಲ. ಐದು ವರ್ಷದ ಹಿಂದೆ, ಯುದ್ಧದ ಕಾಲದಲ್ಲಿ, ಹನ್ನೊಂದನೆಯ ಗಾಜಿನ ಪಟ್ಟಿ ಬಿಚ್ಚಿಕೊಂಡಿತು. ಕಪ್ಪು ಕಾಗದ ಎಲ್ಲೂ ಸಿಗುತ್ತಿರಲಿಲ್ಲ. ದೀಪದ ಬೆಳಕು ಹೊರಗೆ ಕಾಣದಂತೆ ಮನೆಮನೆಯ ಕಿಟಕಿಗೆ ಅಂಟಿಸಲು ಕೊಟ್ಟಿದ್ದ ಕಾಗದದಲ್ಲೇ ಒಂದು ತುಂಡು ಕತ್ತರಿಸಿ ಚಲುವಯ್ಯ ಹೊಸ ಪಟ್ಟಿ ಕಟ್ಟಿದರು, ಚುಕ್ಕೆ ಅಂಟಿಸುವುದನ್ನು ಮರೆತರು.

ಮಾರನೆಯ ದಿನ ಕಮ್ಮನಹಳ್ಳಿ ಶಾಲೆಯಲ್ಲಿ ಗಾಜು ಹಿಂದುಮುಂದಾಗಿ ಒಳಗೆ ಹೋಯಿತು. ಗೋಡೆಯ ಮೇಲೆ ಹಡಗು ಎಡಕ್ಕೆ ತಿರುಗಿ ನಿಂತಿತು. ಸರಿಮಾಡೋಣವೆಂದು ಅವರು ಕೈ ಹಾಕುವ ಮೊದಲೇ ಮುಂದಿನ ಸಾಲಿನ ಒಬ್ಬಳು ಹುಡುಗಿ ಕೇಳಿಯೇಬಿಟ್ಟಳು: “ವಾಪಸ್ ಹೋಗ್ತಾವ್ರಾ ಮೇಷ್ಟ್ರೇ?”

ತಪ್ಪಾಯಿತು ಎನ್ನಲು ನಾಚಿಕೆ. ಹೂಂ, ವಾಪಸ್ ಹೋಗ್ತಾವ್ರೆ ಎಂದರು ಚಲುವಯ್ಯ.

“ಹೋಗ್ತಾ ಏನ್ ತಗೊಂಡ್ ಹೋದ್ರು?”

“ಮೆಣಸು, ಏಲಕ್ಕಿ.”

“ಬರೀ ಮೆಣಸಾ? ಇಲ್ಲಿಯೋರು ಯಾರೂ ಜೊತೇಲಿ ಹೋಗ್ಲಿಲ್ವಾ?”

ಪುಸ್ತಿಕೆಯಲ್ಲಿ ಹಡಗು ಬಂದದ್ದಕ್ಕೆ ಎರಡು ಪುಟ ಇತ್ತು, ಹೋದದ್ದಕ್ಕೆ ಒಂದು ಸಾಲು. ಆ ಸಾಲಿನಲ್ಲಿ ‘ಜಯಘೋಷದೊಡನೆ ಮರಳಿದನು’ ಎಂದಷ್ಟೇ ಇತ್ತು. ಚಲುವಯ್ಯ ಹನ್ನೆರಡನೆಯ ಗಾಜಿಗೆ ಹೋದರು. “ಆದ್ರೆ ಅವತ್ತು ರಾತ್ರಿ ನಿದ್ದೆ ಹತ್ಲಿಲ್ಲ ರೀ. ಹತ್ತು ವರ್ಷ ಬಾಯಿಪಾಠ ಒಪ್ಸಿದೀನಿ, ಒಂದು ಸಲಾನೂ ನಂಗೆ ಆ ಪ್ರಶ್ನೆ ಬರ್ಲಿಲ್ಲ. ನಾನೇ ಕಿಟಕಿ ಹೊರಗೆ ನಿಂತು ಕಲ್ತೋನು. ಮಕ್ಳಿಗೂ ಅರ್ಧ ಬೋರ್ಡೇ ತೋರಿಸ್ತಾ ಇದ್ನಲ್ಲ.”

ಮುಂದಿನ ಮಂಗಳವಾರ ಶಿವಾಜಿನಗರದ ಉರ್ದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಮಜೀದಾ ಅವರ ಮುಂದೆ ಈ ಪ್ರಶ್ನೆ ಇಟ್ಟರು. ಮಜೀದಾ ಇಂಗ್ಲಿಷ್ ಚೆನ್ನಾಗಿ ಓದಿಕೊಂಡವರು, ಬಿಡುವಿದ್ದರೆ ಲೈಬ್ರರಿಯಲ್ಲೇ ಇರುವವರು. ರಸೆಲ್ ಮಾರುಕಟ್ಟೆಯ ಹಿಂದಿನ ಅವರ ಮನೆಯ ವರಾಂಡದಲ್ಲಿ ಎರಡು ಭಾನುವಾರ ಕೂತು, ಅವರು ಓದಿ ಹೇಳಿದ್ದನ್ನು ಚಲುವಯ್ಯ ಕೇಳಿಸಿಕೊಂಡರು. ಮೊದಲ ಸಲ ಬಂದಾಗಲೇ ಗಾಮ ಕಲ್ಲಿಕೋಟೆಯ ಕೆಲವರನ್ನು ಸೆರೆಹಿಡಿದು ಜೊತೆಗೆ ಒಯ್ದಿದ್ದ. ಎರಡನೆಯ ಸಲ, ಸಾವಿರದ ಐನೂರ ಎರಡರಲ್ಲಿ, ಮಲಬಾರಿನ ಕಡಲಿನಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಮನೆಗೆ ಮರಳುತ್ತಿದ್ದ ಹಡಗೊಂದನ್ನು ತಡೆದು, ಅದರಲ್ಲಿದ್ದ ನೂರಾರು ಜನರ ಸಮೇತ ಸುಡಿಸಿದ. ಹಣ, ಒಡವೆ, ಏನು ಬೇಕಾದರೂ ಕೊಡುತ್ತೇವೆ ಎಂದರೂ ಬಿಡಲಿಲ್ಲ. ತಾಯಂದಿರು ಕೂಸುಗಳನ್ನು ಎತ್ತಿ ಹಿಡಿದು ತೋರಿಸಿದರಂತೆ.

“ನಾನು ಓದೋದು ನಿಲ್ಲಿಸ್ಬಿಟ್ಟೆ,” ಎಂದು ಮಜೀದಾ ನೆನೆಸಿಕೊಳ್ಳುತ್ತಾರೆ. “ಚಲುವಯ್ಯನೋರು ನೆಲ ನೋಡ್ತಾ ಕೂತಿದ್ರು. ಆಮೇಲೆ ಕೇಳಿದ್ದು ಒಂದೇ ಮಾತು. ಅಮ್ಮಾವ್ರೇ, ಇದನ್ನ ಬರ್ದೋರು ಯಾರು, ನೋಡಿ ಬರ್ದಿದ್ದೋ ಕೇಳಿ ಬರ್ದಿದ್ದೋ ಅಂತ. ನನ್ನ ಜೊತೆ ಓದ್ದವರು ಯಾರೂ ಆ ಪ್ರಶ್ನೆ ಕೇಳಿರ್ಲಿಲ್ಲ.”

ಬರೆದವನು ಗಾಮನ ಪಡೆಯಲ್ಲೇ ಇನ್ನೊಂದು ಹಡಗಿನಲ್ಲಿದ್ದವನು, ಕಣ್ಣಾರೆ ಕಂಡವನು. ಈ ಉತ್ತರವನ್ನು ಚಲುವಯ್ಯ ಜೋಪಾನವಾಗಿ ಮನಸ್ಸಿನಲ್ಲಿಟ್ಟುಕೊಂಡರು. ಇದರ ಬೆಲೆ ಗೊತ್ತಾಗಲು ಅವರಿಗೂ ಸ್ವಲ್ಪ ಕಾಲ ಹಿಡಿಯಿತು.

ಒಂಬತ್ತು ಭಾನುವಾರ ಕೂತು ಗಾಜಿನ ಮೇಲೆ ಅವರೇ ಚಿತ್ರ ಬರೆದರು. ಬೆಂಕಿ ಬರೆಯಲಿಲ್ಲ. ಹಿಂದೆ ಒಂದಿಷ್ಟು ಹೊಗೆ, ಹಡಗಿನ ಅಂಚಿನಲ್ಲಿ ಕೂಸುಗಳನ್ನು ಎತ್ತಿ ಹಿಡಿದ ಹೆಂಗಸರು. ಹಡಗಿನ ಮುಖ ಬಲಕ್ಕೆ, ಅದು ಮನೆ ಕಡೆಗೆ ಬರುತ್ತಿದ್ದ ಹಡಗಲ್ಲವೇ. ಸಮುದ್ರ ಮಾತ್ರ ನೋಡಿದವರಿಗೆ ಎಲ್ಲೋ ಕಂಡ ಹಾಗಿದೆ ಅನ್ನಿಸುತ್ತದೆ. “ನಾನು ಸಮುದ್ರ ನೋಡಿಲ್ಲ. ನಮ್ಮ ಕೆರೆ ಮೇಲೆ ಗಾಳಿ ಬೀಸ್ದಾಗ ಹೆಂಗೆ ಕಾಣುತ್ತೋ ಹಂಗೇ ಬರ್ದೆ. ಮಕ್ಳಿಗೆ ಮೊದ್ಲೇ ಹೇಳ್ಬಿಡ್ತೀನಿ, ಬೇರೆ ಗಾಜು ಪೆಟ್ಟಿಗೇದು, ಇದು ನಾನು ಬರ್ದಿದ್ದು, ನಾನು ಅಲ್ಲಿ ಇರ್ಲಿಲ್ಲ ಅಂತ.”

ಅಂದಿನಿಂದ ಅವರ ಆಟದ ರೀತಿಯೇ ಬದಲಾಯಿತು. ಕೊಲಂಬಸ್ ದಡಕ್ಕಿಳಿದು ಮಂಡಿಯೂರಿದ ಗಾಜು ಬಂದರೆ, ಮರದ ಹಿಂದಿನಿಂದ ಇಣುಕುವವರನ್ನು ಎಣಿಸಿ ಎನ್ನುತ್ತಾರೆ. ಏಳು ಜನ. ಪುಸ್ತಿಕೆಯಲ್ಲಿ ಕೊಲಂಬಸ್ಸಿನ ಮೂರು ಹಡಗಿಗೂ ಹೆಸರಿದೆ, ಆ ಏಳು ಜನರಿಗಿಲ್ಲ. ಅವರೆಲ್ಲ ಆಮೇಲೆ ಏನಾದರು ಎಂದು ಮಕ್ಕಳೇ ಕೇಳುವವರೆಗೆ ಕಾಯುತ್ತಾರೆ, ಕೇಳಿದ ಮೇಲೆ ಗುಲಾಮರಾಗಿ ಮಾರಾಟವಾದವರ ಸಂಗತಿಯನ್ನೂ ಮುಚ್ಚಿಡುವುದಿಲ್ಲ. ಹನ್ನೊಂದನೆಯ ಗಾಜನ್ನಂತೂ ಬೇಕೆಂದೇ ಎರಡು ಸಲ ತೋರಿಸುತ್ತಾರೆ. ಮೊದಲು ಬಲಕ್ಕೆ, ಆಮೇಲೆ ತಿರುಗಿಸಿ ಎಡಕ್ಕೆ. ಕಮ್ಮನಹಳ್ಳಿಯಲ್ಲಿ ಆದ ತಪ್ಪು ಈಗ ಪಾಠವಾಗಿದೆ. ಚುಕ್ಕೆಯನ್ನು ಅವರು ಇವತ್ತಿಗೂ ಅಂಟಿಸಿಲ್ಲ.

ಹಾಗಂತ ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಗಾಮ ಬಂದು ನಾನೂರೈವತ್ತು ವರ್ಷ ತುಂಬಿತೆಂದು ಈ ವರ್ಷದ ಆರಂಭದಿಂದಲೇ ಅವನ ಆಟಕ್ಕೆ ಕೇಳಿಕೆ ಹೆಚ್ಚು. ಮಾರ್ಚಿನಲ್ಲಿ ಬೆನ್ಸನ್ ಟೌನಿನ ಒಂದು ಶಾಲೆಯಲ್ಲಿ ಅವಸರದಲ್ಲಿದ್ದ ಚಲುವಯ್ಯ, ಎರಡನೆಯ ತರಗತಿಯ ಚಿಕ್ಕ ಮಕ್ಕಳು ಕೂತಿದ್ದರೂ ಆ ಗಾಜನ್ನು ಹಾಕಿದರು. ಒಂದಿಬ್ಬರು ಹೆದರಿ ಅತ್ತರು. ಅದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಬಿಡುವಿನಲ್ಲಿ ದೊಡ್ಡ ಹುಡುಗರು ಒಂದು ಕ್ರೈಸ್ತರ ಮಗುವನ್ನು ಸುತ್ತುಗಟ್ಟಿ, ‘ನಿಮ್ಮೋರೇ ಸುಟ್ಟಿದ್ದು’ ಎಂದು ಕಾಡಿದರು. ಮಗುವಿನ ತಂದೆ ಸಮಿತಿಗೆ ದೂರು ಬರೆದರು. ಪೆಟ್ಟಿಗೆಯಲ್ಲಿಲ್ಲದ ಗಾಜನ್ನು ತೋರಿಸಿದ್ದೇಕೆಂದು ಸಮಿತಿ ಹುಬ್ಬೇರಿಸಿತು.

“ಆ ತಂದೆ ಹೇಳಿದ್ದು ಸರಿ,” ಎನ್ನುತ್ತಾರೆ ಚಲುವಯ್ಯ, ಮಾತನ್ನು ತೇಲಿಸದೆ. “ತಪ್ಪು ಗಾಜಿಂದಲ್ಲ, ನಂದು. ನಾನು ಅರ್ಧ ಹೇಳಿ ಬಂದ್ಬಿಟ್ಟೆ. ಸುಟ್ಟೋನ್ನ ತೋರಿಸ್ದೆ, ಬರ್ದೋನ್ನ ತೋರಿಸ್ಲಿಲ್ಲ.” ಮಾರನೆಯ ದಿನವೇ ಆ ಮನೆ ಹುಡುಕಿಕೊಂಡು ಹೋಗಿ ತಂದೆಯ ಮುಂದೆ ತಪ್ಪಾಯಿತು ಎಂದು ಬಂದಿದ್ದಾರೆ. ಗಾಜನ್ನು ಬಿಡುತ್ತೇನೆ ಎಂದು ಮಾತ್ರ ಹೇಳಿ ಬಂದಿಲ್ಲ.

ಒಂಬತ್ತೂವರೆಗೆ ಹಲಸೂರು ಶಾಲೆ. ಮುಖ್ಯೋಪಾಧ್ಯಾಯಿನಿ ಗಂಗಲಕ್ಷ್ಮಮ್ಮನವರು ಐದು ಮತ್ತು ಆರನೆಯ ತರಗತಿಯ ನಲವತ್ತೊಂದು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದಾರೆ. ಚಲುವಯ್ಯ ಕಿಟಕಿಗಳಿಗೆ ಕಂಬಳಿ ಕಟ್ಟುತ್ತಾರೆ, ಕಾರ್ಬೈಡಿಗೆ ನೀರು ಬಿಡುತ್ತಾರೆ, ವಾಸನೆಗೆ ಮಕ್ಕಳು ಮೂಗು ಮುಚ್ಚಿಕೊಂಡು ಖುಷಿಪಡುತ್ತಾರೆ. ಇನ್ಸ್‌ಪೆಕ್ಟರ್ ರಾಮಾಂಜಿನಪ್ಪನವರು ಕೋಟು ಪೇಟದಲ್ಲಿ ಬಂದು, ಯಾರನ್ನೂ ಮಾತಾಡಿಸದೆ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ತೊಡೆಯ ಮೇಲೆ ಒಂದು ನೋಟ್ ಪುಸ್ತಕ. ಕತ್ತಲಲ್ಲಿ ಅವರು ಏನು ಬರೆಯುತ್ತಾರೋ, ದೇವರೇ ಬಲ್ಲ.

ನಕಾಶೆ ಬರುತ್ತದೆ. ಹಡಗು ಬಲಕ್ಕೆ ಬರುತ್ತದೆ. ಗುರುತಿಲ್ಲದ ಸಮುದ್ರದಲ್ಲಿ ತಿಂಗಳುಗಟ್ಟಲೆ ನೀರು, ಅನ್ನ ಸಾಲದೆ, ವಸಡು ಊದಿ ಸತ್ತ ನಾವಿಕರ ಕಥೆಯನ್ನು ಚಲುವಯ್ಯ ಮನಸ್ಸಿಟ್ಟು ಹೇಳುತ್ತಾರೆ. ಮಕ್ಕಳು ಕಣ್ಣುಬಾಯಿ ಬಿಟ್ಟು ಕೇಳುತ್ತಾರೆ. ಆಮೇಲೆ ಹಡಗು ಎಡಕ್ಕೆ ತಿರುಗುತ್ತದೆ, ಪ್ರಶ್ನೆಗಳು ಶುರುವಾಗುತ್ತವೆ. ಆಮೇಲೆ ಚಲುವಯ್ಯನವರ ಕೈ ಜೇಬಿಗೆ ಹೋಗುತ್ತದೆ.

ಸೀರೆಯ ತುಂಡು ಬಿಚ್ಚಿಕೊಳ್ಳುತ್ತದೆ. ಗೋಡೆಯ ಮೇಲೆ ತಾಯಂದಿರು ಕೂಸುಗಳನ್ನು ಎತ್ತಿ ಹಿಡಿದು ನಿಲ್ಲುತ್ತಾರೆ. ನಡೆದದ್ದನ್ನು ಚಲುವಯ್ಯ ನಾಲ್ಕೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ, ದನಿ ಏರಿಸುವುದಿಲ್ಲ. ಅಷ್ಟರಲ್ಲಿ ಲ್ಯಾಂಟರ್ನಿನ ಅಂಚಿನಿಂದ ಸೋರುವ ಬೆಳಕಿನಲ್ಲಿ, ತಲೆಗಳು ಒಂದೊಂದಾಗಿ ಎರಡನೆಯ ಸಾಲಿನ ಕಡೆಗೆ ತಿರುಗುವುದು ಅವರಿಗೆ ಕಾಣುತ್ತದೆ. ಅಲ್ಲಿ ಫಿಲೋಮಿನಾ ಕೂತಿದ್ದಾಳೆ. ಕತ್ತಿನಲ್ಲಿ ಶಿಲುಬೆಯಿರುವ ಹುಡುಗಿ, ಕೋಣೆಯಲ್ಲಿ ಅವಳೊಬ್ಬಳೇ.

ಬೆನ್ಸನ್ ಟೌನಿನಲ್ಲಿ ಆದದ್ದು ಇಲ್ಲೂ ಆಗುತ್ತಿದೆ, ಅದೂ ಇನ್ಸ್‌ಪೆಕ್ಟರರ ಎದುರಿಗೆ. ಗಾಜು ತೆಗೆದುಬಿಟ್ಟರೆ ಕಥೆ ಮುಗಿಯುತ್ತದೆ. ಚಲುವಯ್ಯ ತೆಗೆಯುವುದಿಲ್ಲ.

“ಈ ಕಡೆ ನೋಡಿ ಮಕ್ಳಾ,” ಎನ್ನುತ್ತಾರೆ. “ಇದೆಲ್ಲ ನಮ್ಗೆ ಹೆಂಗೆ ಗೊತ್ತಾಯ್ತು? ಯಾರು ಹೇಳಿದ್ದು?”

“ಹಡಗಲ್ಲಿದ್ದೋರು,” ಎನ್ನುತ್ತಾನೊಬ್ಬ.

“ಅವ್ರು ದಡ ಸೇರ್ಲಿಲ್ಲ ಮಗಾ. ಕೆಲವು ಮಕ್ಳನ್ನ ಮಾತ್ರ ಇಳಿಸ್ಕೊಂಡ್ರಂತೆ.”

“ದಡದಲ್ಲಿ ನಿಂತಿದ್ದೋರು?”

“ಅಷ್ಟು ದೂರ ಕಾಣಲ್ಲ. ಬರ್ದಿದ್ದು ಯಾರು ಗೊತ್ತಾ? ಗಾಮನ ಜೊತೆ ಬಂದಿದ್ದ ಹಡಗಲ್ಲೇ ಒಬ್ಬ ಇದ್ದ. ಅದೇ ದೇಶದೋನು, ಅದೇ ದೇವರಿಗೆ ಕೈ ಮುಗಿಯೋನು. ಆ ದಿನ ನಂಗೆ ಮರೆಯೋಕಾಗಲ್ಲ ಅಂತ ಬರ್ದಿಟ್ಟ. ಅವನು ಸುಮ್ನಿದ್ದಿದ್ರೆ ಏನಾಗ್ತಿತ್ತು?”

ಎರಡನೆಯ ಸಾಲಿನಿಂದ ಸಣ್ಣ ದನಿ ಬರುತ್ತದೆ. “ನಮ್ಗೆ ಗೊತ್ತೇ ಆಗ್ತಿರ್ಲಿಲ್ಲ,” ಎನ್ನುತ್ತಾಳೆ ಫಿಲೋಮಿನಾ. ಆಮೇಲೆ ತಾನೇ ಕೇಳುತ್ತಾಳೆ: “ಆದ್ರೆ ಬರ್ದೋನು ತಡೀಲಿಲ್ಲ ಯಾಕೆ, ಮೇಷ್ಟ್ರೇ?”

“ಗೊತ್ತಿಲ್ಲ ಕಣವ್ವ. ಹೆದರ್ಕೊಂಡ್ನೋ, ಅವನ ಮಾತು ನಡೀಲಿಲ್ವೋ. ಅದನ್ನ ಅವನು ಬರ್ದಿಲ್ಲ. ಒಳ್ಳೇ ಪ್ರಶ್ನೆ, ಇಟ್ಕೋ.”

ತಲೆಗಳು ಈಗಲೂ ಅವಳ ಕಡೆಗೇ ತಿರುಗಿವೆ, ಆದರೆ ಬೇರೆ ಥರ ತಿರುಗಿವೆ. ಪಕ್ಕದ ಹುಡುಗಿ ಅವಳ ಮೊಣಕೈ ತಿವಿದು ಏನೋ ಪಿಸುಗುಟ್ಟುತ್ತಾಳೆ, ಇಬ್ಬರೂ ಗೋಡೆ ನೋಡುತ್ತಾರೆ. ಚಲುವಯ್ಯ ಮುಂದಿನ ಗಾಜು ಹಾಕುತ್ತಾರೆ.

ಇಪ್ಪತ್ತಮೂರನೆಯ ಗಾಜಿಗೆ ಆಟ ಮುಗಿಯುತ್ತದೆ. ಇಪ್ಪತ್ನಾಲ್ಕನೆಯದು ಇಂಗ್ಲೆಂಡಿನ ದೊರೆಯ ಭಾವಚಿತ್ರ. ಹದಿನಾಲ್ಕು ವರ್ಷ ಪ್ರತಿ ಆಟವೂ ಅದರೊಂದಿಗೇ ಮುಗಿಯುತ್ತಿತ್ತು, ಅದು ಬಂದ ಕೂಡಲೇ ಎಲ್ಲರೂ ಎದ್ದು ನಿಲ್ಲಬೇಕಿತ್ತು. ಕಳೆದ ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ ಚಲುವಯ್ಯ ಅದನ್ನು ಹಾಕುವುದಿಲ್ಲ. ಹಾಕಬೇಡ ಎಂದು ಯಾರೂ ಹೇಳಲಿಲ್ಲ, ಪೆಟ್ಟಿಗೆಯಿಂದ ತೆಗೆ ಎಂದೂ ಹೇಳಲಿಲ್ಲ. ಗಾಜು ನಿಂತರೂ ಅಭ್ಯಾಸ ನಿಂತಿಲ್ಲ. ಇವತ್ತೂ ನಲವತ್ತೊಂದು ಮಕ್ಕಳು ಖಾಲಿ ಬೆಳಕಿನ ಗೋಡೆಗೆ ಎದ್ದು ನಿಲ್ಲುತ್ತಾರೆ. ಹಿಂದಿನ ಬೆಂಚಿನಲ್ಲಿ ರಾಮಾಂಜಿನಪ್ಪನವರೂ ಅರ್ಧ ಎದ್ದು, ತಮ್ಮನ್ನು ತಾವೇ ಹಿಡಿದುಕೊಂಡು ಮತ್ತೆ ಕೂರುತ್ತಾರೆ.

ಮಕ್ಕಳು ಹೊರಗೆ ಹೋದ ಮೇಲೆ ವಿಚಾರಣೆ.

“ಏನ್ರೀ ಚಲುವಯ್ಯ, ಹೀಗೆ ಒಬ್ಬೊಬ್ಬರದೂ ಹುಳುಕು ಹುಡುಕ್ತಾ ಹೋದ್ರೆ ಮಕ್ಕಳಿಗೆ ದೊಡ್ಡೋರು ಅಂತ ಯಾರು ಉಳೀತಾರೆ?”

“ನಾನು ಯಾರ ಗಾಜೂ ತೆಗ್ದಿಲ್ಲ ಸ್ವಾಮಿ. ಅವನು ಸಮುದ್ರ ದಾಟಿದ್ದು ಸುಳ್ಳಲ್ಲ, ಅದನ್ನೂ ತೋರಿಸ್ದೆ. ಇದೂ ಸುಳ್ಳಲ್ಲ.”

“ಎರಡನೇ ಕ್ಲಾಸಿಗೆ ತೋರಿಸಿದ್ದು?”

“ತಪ್ಪು. ಇನ್ನು ತೋರಿಸಲ್ಲ. ಐದಕ್ಕಿಂತ ಕೆಳಗೆ ಹಡಗು ವಾಪಸ್ ಹೋಗೋವರೆಗೆ ಸಾಕು.”

“ನೀವು ಮೇಷ್ಟ್ರಲ್ಲ. ಪುಸ್ತಿಕೆಯಲ್ಲಿ ಇಲ್ಲದ್ದನ್ನ ಹೇಳೋ ಅಧಿಕಾರ ಯಾರು ಕೊಟ್ರು?”

“ಯಾರೂ ಕೊಡ್ಲಿಲ್ಲ ಸ್ವಾಮಿ. ಮಕ್ಳು ಕೇಳಿದ್ರು.”

ಗಂಗಲಕ್ಷ್ಮಮ್ಮನವರು, ಕಂಬಳಿ ಮಡಿಸುತ್ತಲೇ, ಫಿಲೋಮಿನಾ ಈ ಶಾಲೆಗೆ ಸೇರಿ ಎರಡು ವರ್ಷವಾದರೂ ಕ್ಲಾಸಿನಲ್ಲಿ ಅವಳ ದನಿ ತಾವು ಕೇಳಿದ್ದು ಇವತ್ತೇ ಎಂದು ಹೇಳುತ್ತಾರೆ. ಇನ್ಸ್‌ಪೆಕ್ಟರರು ನೋಟ್ ಪುಸ್ತಕ ತೆರೆದು ನಿಧಾನವಾಗಿ ಬರೆಯುತ್ತಾರೆ, ಬರೆದದ್ದನ್ನು ಓದಿ ಹೇಳುತ್ತಾರೆ. ಐದನೆಯ ತರಗತಿ ಮತ್ತು ಮೇಲಿನವರಿಗೆ ಮಾತ್ರ. ಗಾಜು ಕೈಯಿಂದ ಬರೆದದ್ದೆಂದು ಪ್ರತಿ ಸಲವೂ ಹೇಳತಕ್ಕದ್ದು. ಆ ನಾವಿಕನ ಬರಹದ ಸಾರಾಂಶವನ್ನು ಮಜೀದಾ ಟೀಚರಿಂದ ಬರೆಸಿ, ಸಹಿ ಹಾಕಿಸಿ, ಪುಸ್ತಿಕೆಗೆ ಅಂಟಿಸತಕ್ಕದ್ದು. ಗಾಜು ಇರತಕ್ಕದ್ದು.

“ನಂಬರ್ ಎಷ್ಟು ಅಂತ ಹಾಕ್ಲಿ?” ಎಂದು ಪೆನ್ನು ಎತ್ತಿ ಕೇಳುತ್ತಾರೆ.

“ನಂಬರ್ ಇಲ್ಲ ಸ್ವಾಮಿ. ಗೂಡಿದ್ರೆ ತಾನೇ ನಂಬರ್ ಬರೋದು. ಐದು ವರ್ಷದಿಂದ ಜೇಬಲ್ಲೇ ಇದೆ. ಅದಕ್ಕೊಂದು ಗೂಡು ಸಿಕ್ಕಿದ್ರೆ ಸಾಕು, ನಂಗೆ ಇನ್ನೇನೂ ಬೇಡ.”

ಇಬ್ಬರೂ ಪೆಟ್ಟಿಗೆಯ ಮೇಲೆ ಬಗ್ಗುತ್ತಾರೆ. ಇಪ್ಪತ್ನಾಲ್ಕು ಗೂಡಿನಲ್ಲಿ ಇಪ್ಪತ್ನಾಲ್ಕು ಗಾಜು, ನಡುವೆ ಕಡ್ಡಿ ತೂರಿಸಲೂ ಜಾಗವಿಲ್ಲ. ರಾಮಾಂಜಿನಪ್ಪನವರ ಬೆರಳು ಸಾಲಿನ ಉದ್ದಕ್ಕೂ ಹೋಗಿ ಕೊನೆಯ ಗೂಡಿನ ಮೇಲೆ ನಿಲ್ಲುತ್ತದೆ. ಅವರು ದೊರೆಯ ಗಾಜನ್ನು ಮೆಲ್ಲಗೆ ಹೊರಗೆಳೆಯುತ್ತಾರೆ. ಚಲುವಯ್ಯ ತಮ್ಮ ಗಾಜನ್ನು ಆ ಗೂಡಿಗೆ ಇಳಿಸುತ್ತಾರೆ. ಸರಿಯಾಗಿ ಕೂರುತ್ತದೆ, ಅಳತೆ ಒಂದೇ.

ಈಗ ಇನ್ಸ್‌ಪೆಕ್ಟರರ ಕೈಯಲ್ಲಿ ದೊರೆ ಉಳಿದಿದ್ದಾರೆ. ಮೇಜಿನ ಮೇಲಿಡಲೋ, ಬೀರುವಿಗೆ ಹಾಕಲೋ, ಕಸದ ಬುಟ್ಟಿಗೋ ಎಂದು ತೋಚದೆ ಅವರು ಅತ್ತಿತ್ತ ನೋಡುತ್ತಾರೆ. ಚಲುವಯ್ಯ ಖಾಲಿಯಾದ ಸೀರೆಯ ತುಂಡನ್ನು ಅಂಗೈ ಮೇಲೆ ಹರಡಿ ಮುಂದೆ ಚಾಚುತ್ತಾರೆ.

“ಇಲ್ಲಿ ಕೊಡಿ ಸ್ವಾಮಿ, ಜೇಬಲ್ಲಿ ಇಟ್ಕೋತೀನಿ. ಇದೂ ನಮ್ಮ ಪೆಟ್ಟಿಗೇದೇ. ಇಷ್ಟು ವರ್ಷ ಯಾರಿಗೆ ಎದ್ದು ನಿಂತಿದ್ರಿ ಅಂತ ಮಕ್ಳು ಒಂದಿನ ಕೇಳ್ತಾರೆ. ಆಗ ತೋರಿಸ್ಬೇಕಲ್ಲ.”